ಚಿರತೆಹಲ್ಲಿಯ ಮರಿ

ಹಲ್ಲಿಯನ್ನು ಕಂಡರೆ ಮುಖ ಸಿಂಡರಿಸುವವರೇ ಲೋಕದಲ್ಲಿ ಹೆಚ್ಚು. ಕನ್ನಡ ನಾಡಿನಲ್ಲಿ ಗೋಡೆಯ ಮೇಲಿನ ಹಲ್ಲಿ ಲೊಚಗುಟ್ಟಿದರೆ ಆಡುತ್ತಿದ್ದ ಮಾತು ನಿಜವಾಗುವುದೆಂದು ನಂಬುವವರುಂಟು; ಅದು ಮೈಮೇಲೆ ಬಿದ್ದರೆ ಪಂಚಾಂಗವನ್ನು ತೆರೆದು ಫಲವನ್ನು ನೋಡುವವರೂ ಉಂಟು. ಹೊಳೆಯುವ ಮೈಯ ಬಡಪಾಯಿ ಹಾವುರಾಣಿಯನ್ನು ವಿಷಜಂತುವೆಂದು ಬಗೆದು ಹೊಡೆದುಹಾಕುವುದನ್ನು ಹಳ್ಳಿಗಳಲ್ಲಿ ಇಂದಿಗೂ ಕಾಣಬಹುದು. ಇಂಥದೇ ಅಪವಾದವನ್ನು ಹೊತ್ತ ಮತ್ತೊಂದು ಪ್ರಾಣಿ ಅಫಘಾನಿಸ್ತಾನ, ಪಾಕಿಸ್ತಾನ ಮತ್ತು ಭಾರತದ ವಾಯವ್ಯ ಭಾಗದ ಒಣ ಬೆಟ್ಟಗಳಲ್ಲಿ ವಾಸಿಸುತ್ತದೆ. ಹಳದಿ ಮೈಮೇಲೆ ಕಪ್ಪು ಚುಕ್ಕೆಗಳನ್ನು ಹೊತ್ತಿರುವುದರಿಂದ ಇದನ್ನು ಚಿರತೆಹಲ್ಲಿ ಎಂದು ಕರೆಯಬಹುದು. ಇದು ಕಚ್ಚಿದರೆ ಸಾವು ಖಂಡಿತ ಎಂಬ ಮಾತು ಅದರ ತವರಿನಲ್ಲಿ ಪ್ರಚಲಿತವಾಗಿದೆ. ವಾಸ್ತವವಾಗಿ ಅದರಲ್ಲಿ ವಿಷದ ಲವಲೇಶವೂ ಇಲ್ಲ. ತವರಿನಲ್ಲಿ ಕಲ್ಲೇಟಿಗೆ ಗುರಿಯಾಗುವ ಈ ಜೀವಿಯನ್ನು ಅಮೆರಿಕ ಮತ್ತು ಯೂರೋಪಿನ ಸಾವಿರಾರು ಮನೆಗಳಲ್ಲಿ ಮಕ್ಕಳು ಮುದ್ದಿನಿಂದ ಸಾಕುತ್ತಾರೆಂಬುದು ಸೋಜಿಗದ ಸಂಗತಿಯೇ ಸರಿ.

ಈ ಪ್ರಾಣಿಯನ್ನು ವಿಜ್ಞಾನಲೋಕಕ್ಕೆ ಪರಿಚಯಿಸಿದವನು ಕಲಕತ್ತೆಯ ಏಷ್ಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯದ ಮೇಲ್ವಿಚಾರಕನಾಗಿದ್ದ ಎಡ್ವರ್ಡ್ ಬ್ಲೈತ್. ಪಂಜಾಬಿನ ಉಪ್ಪಿನ ಬೆಟ್ಟಗಳ ಸಾಲಿನಿಂದ ಬಂದ ಮಾದರಿಯನ್ನು ಪರೀಕ್ಷಿಸಿ ಅವನು ೧೮೫೪ರಲ್ಲಿ ಅದನ್ನು ವರ್ಣಿಸಿದನು. ಇದು ಸೇರಿದ ಕುಲಕ್ಕೆ ಯೂಬ್ಲೆಫಾರಿಸ್ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ಈ ಮಾತಿಗೆ ‘ಒಳ್ಳೆಯ ಕಣ್ಣುರೆಪ್ಪೆ’ ಎಂದರ್ಥ. ಹೆಸರು ಸುಮ್ಮನೆ ಬಂದುದಲ್ಲ. ಮನೆಹಲ್ಲಿಗೆ ರೆಪ್ಪೆಗಳಿಲ್ಲ, ಅದು ಕಣ್ಣು ಮಿಟುಕಿಸಲಾರದು, ನಾಲಗೆಯಿಂದಲೇ ಕಣ್ಣನ್ನು ಒರೆಸಿಕೊಳ್ಳುತ್ತದೆ. ಚಿರತೆಹಲ್ಲಿಯಾದರೋ ರೆಪ್ಪೆಗಳನ್ನು ಮುಚ್ಚಿ ಮನುಷ್ಯರಂತೆ ನಿದ್ರಿಸುತ್ತದೆ. ಗೋಡೆಯನ್ನೇರಲು ಮನೆಹಲ್ಲಿಯ ಬೆರಳುಗಳಲ್ಲಿರುವ ಅಂಟುಪದರ ಇದಕ್ಕಿಲ್ಲ. ಸಣ್ಣ ಉಗುರುಗಳನ್ನೂರಿ ಇದು ನೆಲದ ಮೇಲೆಯೇ ನಡೆದಾಡುತ್ತದೆ. ಹಗಲೆಲ್ಲ ಕಲ್ಲಿನ ಸಂದುಗಳಲ್ಲಿಯೂ ಬಿಲಗಳಲ್ಲಿಯೂ ಅಡಗಿದ್ದು ಮುಸ್ಸಂಜೆಯಲ್ಲಿ ಹೊರಬಂದು ಹುಳುಹುಪ್ಪಟೆಗಳನ್ನು ಬೇಟೆಯಾಡುವುದು ಇದರ ದಿನಚರಿ. ಬೇಟೆಯನ್ನು ಕಂಡಾಗ ಬೆಕ್ಕಿನಂತೆ ಹೊಂಚುಹಾಕಿ, ಬಾಲದ ತುದಿಯನ್ನು ಚಕಚಕನೆ ಆಡಿಸಿ, ಅನಂತರ ಮೇಲೆ ಹಾರುತ್ತದೆ. ನೋಡುವವರಿಗೆ ಅದೊಂದು ವಿನೋದ.

ಭಾರತದಲ್ಲಿ ಇದರ ಸೋದರ ಪ್ರಭೇದಗಳೂ ಇವೆ. ಅವುಗಳಲ್ಲಿ ಸಾತ್ಪುರ ಬೆಟ್ಟಗಳ ಪ್ರಭೇದವನ್ನು ಪ್ರಾಣಿಶಾಸ್ತ್ರಜ್ಞರು ಬೇರೆಯೆಂದು ಗುರುತಿಸಿದ್ದು ೨೦೧೪ರಷ್ಟು ಈಚೆಗೆ. ಆದರೆ ಅಮೆರಿಕದ ಹುಡುಗನೊಬ್ಬನು ಅಂಗಡಿಯಿಂದ ತರುವ ಮರಿ ಕಾಡಿನಿಂದ ಹಿಡಿದು ತಂದುದಲ್ಲ. ಹಲವು ತಲೆಮಾರುಗಳಿಂದ ಮನುಷ್ಯರ ಆಶ್ರಯದಲ್ಲಿಯೇ ಹುಟ್ಟಿ ಬೆಳೆದ ಸಂತತಿಯದು. ಬೆಟ್ಟದಲ್ಲಿ ಕಂಡ ಹಲ್ಲಿಯನ್ನು ಡಬ್ಬಿಗೆ ತುಂಬಿ ಮನೆಗೆ ತರುವುದಕ್ಕೂ ಇದಕ್ಕೂ ಅಜಗಜಾಂತರವಿದೆ. ಭಾರತದಲ್ಲಿ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ತನ್ನ ಅನುಸೂಚಿಗಳಲ್ಲಿ ಹೆಸರಿಸಿರುವ ವನ್ಯಪ್ರಾಣಿಗಳನ್ನು ಕೊಲ್ಲುವುದನ್ನು ಮಾತ್ರವಲ್ಲದೆ ಹಿಡಿಯುವುದನ್ನೂ ಅಪರಾಧವೆಂದೇ ಎಣಿಸುತ್ತದೆ.

ಮೊಟ್ಟೆಯೊಡೆದು ಹೊರಬಂದ ಮರಿ ಸುಮಾರು ಮೂರು ಗ್ರಾಂ ತೂಗುತ್ತದೆ. ಉದ್ದ ಎಂಟು ಸೆಂಟಿಮೀಟರಿನ ಆಸುಪಾಸು. ಆಗ ಅದರ ಮೈಮೇಲೆ ಚುಕ್ಕೆಗಳಿರುವುದಿಲ್ಲ. ಹಳದಿ ಮತ್ತು ಕಪ್ಪುಕಂದು ಬಣ್ಣದ ಅಗಲವಾದ ಪಟ್ಟೆಗಳಿರುತ್ತವೆ. ಇಷ್ಟು ಚಿಕ್ಕ ಜೀವಿಗೆ ಅಂಜಿಕೆ ಬಹಳ. ಯಾರಾದರೂ ಕೈ ಚಾಚಿದರೆ ನಾಲ್ಕು ಕಾಲುಗಳ ಮೇಲೆ ಎತ್ತರವಾಗಿ ನಿಂತು, ಬೆನ್ನನ್ನು ಬಾಗಿಸಿ, ಕಿರ್ರೆಂದು ಕಿರಿಚುತ್ತದೆ. ಆ ಕಿರುಚಾಟವನ್ನು ಕೋಪವೆಂದು ತಿಳಿಯುವವರುಂಟು. ಅದು ಶುದ್ಧ ಭಯ.

ಮರಿಯನ್ನು ಆರಿಸುವಾಗ ಬಣ್ಣಕ್ಕಿಂತ ಆರೋಗ್ಯವನ್ನು ನೋಡಬೇಕು. ದುಂಡಾದ ಬಾಲ, ಸ್ವಚ್ಛವಾಗಿ ತೆರೆದ ಕಣ್ಣುಗಳು, ಒಂದೂ ಕುಂದಿಲ್ಲದ ಬೆರಳುಗಳು, ಹೊಟ್ಟೆಯನ್ನು ನೆಲದಿಂದ ಮೇಲೆತ್ತಿ ನಡೆಯುವ ನಡಿಗೆ, ಇವು ಒಳ್ಳೆಯ ಲಕ್ಷಣಗಳು. ತಳಿಗಾರರು ಆರಿಸಿ ಕೂಡಿಸಿ ಬಿಳಿ, ಕಿತ್ತಳೆ, ನಿಂಬೆಬಣ್ಣಗಳ ಬಗೆಬಗೆಯ ತಳಿಗಳನ್ನು ಹುಟ್ಟಿಸಿದ್ದಾರೆ. ಬೆಲೆಯೂ ಬಣ್ಣಕ್ಕೆ ತಕ್ಕಂತೆ ಏರುತ್ತದೆ. ಆದರೆ ಅಂದಕ್ಕೆ ತೆತ್ತ ಬೆಲೆ ಕೆಲವೊಮ್ಮೆ ಹಣದಲ್ಲಿ ಮುಗಿಯುವುದಿಲ್ಲ. ‘ಲೆಮನ್ ಫ್ರಾಸ್ಟ್’ ಎಂಬ ಮನೋಹರವಾದ ತಳಿಯ ಹಲ್ಲಿಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚಿನವುಗಳಿಗೆ ಚರ್ಮದಲ್ಲಿ ಗೆಡ್ಡೆಗಳು ಬೆಳೆಯುತ್ತವೆ. ಆ ಬಣ್ಣವನ್ನು ಕೊಡುವ ಆನುವಂಶಿಕ ವ್ಯತ್ಯಾಸವೇ ಗೆಡ್ಡೆಗೂ ಸಂಬಂಧಿಸಿದೆಯೆಂದು ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಲಾಸ್ ಏಂಜಲಿಸ್ ಶಾಖೆಯ ವಿಜ್ಞಾನಿಗಳು ೨೦೨೧ರಲ್ಲಿ ಪ್ರಕಟಿಸಿದರು. ‘ಎನಿಗ್ಮ’ ಎಂಬ ಇನ್ನೊಂದು ತಳಿಯಲ್ಲಿ ನರದೋಷವಿದ್ದು, ಹಲ್ಲಿಯು ತಲೆಯನ್ನು ಓರೆಮಾಡಿಕೊಂಡು ಇದ್ದಲ್ಲಿಯೇ ಸುತ್ತತೊಡಗುತ್ತದೆ. ಮೊದಲ ಬಾರಿಗೆ ಸಾಕುವವನಿಗೆ ಸಾಮಾನ್ಯ ಬಣ್ಣದ ಮರಿಯೇ ಲೇಸು.

ಇನ್ನು ಮನೆಯ ವ್ಯವಸ್ಥೆ. ಇಲ್ಲಿ ನೆನಪಿಡಬೇಕಾದ ಮೂಲತತ್ತ್ವ ಒಂದೇ. ಮನುಷ್ಯನ ದೇಹವು ತಿಂದ ಆಹಾರದಿಂದಲೇ ಶಾಖವನ್ನು ಉತ್ಪಾದಿಸಿಕೊಳ್ಳುತ್ತದೆ. ಹಲ್ಲಿಯ ದೇಹಕ್ಕೆ ಆ ಸಾಮರ್ಥ್ಯವಿಲ್ಲ. ಅದು ಹೊರಗಿನಿಂದ ಶಾಖವನ್ನು ಎರವಲು ಪಡೆಯಬೇಕು. ಬಿಸಿಲಿನಲ್ಲಿ ಕಾದ ಕಲ್ಲಿಗೆ ಹೊಟ್ಟೆಯನ್ನೊತ್ತಿ ಮಲಗಿದರೆ ಮಾತ್ರ ತಿಂದ ಹುಳು ಜೀರ್ಣವಾಗುತ್ತದೆ. ಮೈ ತಣ್ಣಗಿದ್ದರೆ ಅದೇ ಹುಳು ಹೊಟ್ಟೆಯಲ್ಲಿ ಕೊಳೆಯುತ್ತದೆ. ಹಾಗೆಂದು ಸದಾ ಬಿಸಿಯಲ್ಲಿಯೇ ಇರಲು ಅದಕ್ಕೆ ಸಾಧ್ಯವಿಲ್ಲ. ಕಾಡಿನಲ್ಲಿ ಸೆಕೆಯೆನಿಸಿದರೆ ನೆರಳಿಗೆ, ಚಳಿಯೆನಿಸಿದರೆ ಬೆಚ್ಚನೆಯ ಕಲ್ಲಿಗೆ ಅದು ಸ್ಥಳವನ್ನು ಬದಲಿಸುತ್ತಲೇ ಇರುತ್ತದೆ. ಆದುದರಿಂದ ಸಾಕುವವನು ಒಂದು ಉಷ್ಣತೆಯನ್ನಲ್ಲ, ಉಷ್ಣತೆಗಳ ಒಂದು ಇಳಿಜಾರನ್ನು ಒದಗಿಸಬೇಕು.

ಇದನ್ನು ಸಾಧಿಸುವ ಬಗೆ ಸರಳವಾಗಿದೆ. ಮರಿಗೆ ಸುಮಾರು ಐವತ್ತು ಸೆಂಟಿಮೀಟರು ಉದ್ದದ ಗಾಜಿನ ಪೆಟ್ಟಿಗೆ ಮೊದಲಿಗೆ ಸಾಕು. ಬೆಳೆದ ಹಲ್ಲಿಗೆ ಇದರ ಸುಮಾರು ಎರಡರಷ್ಟು ಉದ್ದದ ಪೆಟ್ಟಿಗೆ ಬೇಕಾಗುತ್ತದೆ. ಪೆಟ್ಟಿಗೆಯ ಮೂರನೆಯ ಒಂದು ಭಾಗದ ತಳದಲ್ಲಿ ವಿದ್ಯುತ್ತಿನಿಂದ ಕಾಯುವ ಹಾಸನ್ನು ಇಡುತ್ತಾರೆ. ಮೇಲಿನಿಂದ ಶಾಖದ ದೀಪವನ್ನು ಉಪಯೋಗಿಸುವುದೂ ಉಂಟು. ಈ ಬೆಚ್ಚನೆಯ ಕೊನೆಯಲ್ಲಿ ನೆಲದ ಉಷ್ಣತೆ ೩೧ರಿಂದ ೩೩ ಡಿಗ್ರಿ ಸೆಲ್ಸಿಯಸ್ ಇರಬೇಕು. ಇನ್ನೊಂದು ಕೊನೆಯಲ್ಲಿ ೨೪ರಿಂದ ೨೬ ಡಿಗ್ರಿ ಇದ್ದರೆ ಹಿತ. ಹಾಸಿನ ಬಿಸಿಯನ್ನು ಹತೋಟಿಯಲ್ಲಿಡಲು ಥರ್ಮೋಸ್ಟ್ಯಾಟ್ ಎಂಬ ಉಪಕರಣ ಅತ್ಯಗತ್ಯ. ಅದಿಲ್ಲದಿದ್ದರೆ ಹಾಸು ಮಿತಿಮೀರಿ ಕಾದು ಮರಿಯ ಹೊಟ್ಟೆಯ ಚರ್ಮ ಸುಟ್ಟುಹೋಗಬಹುದು. ಗಾಜಿನ ಗೋಡೆಗೆ ಅಂಟಿಸುವ ಅಗ್ಗದ ಉಷ್ಣಮಾಪಕ ಇಲ್ಲಿ ಪ್ರಯೋಜನವಿಲ್ಲ. ಹಲ್ಲಿ ನಡೆಯುವುದು ನೆಲದ ಮೇಲೆ, ಅಳೆಯಬೇಕಾದುದೂ ನೆಲದ ಬಿಸಿಯನ್ನೇ.

ನೆಲಕ್ಕೆ ಮರಳನ್ನು ಹರಡಬೇಕೆಂದು ಯಾರಿಗಾದರೂ ತೋರುವುದು ಸಹಜ. ಬೆಂಗಾಡಿನ ಪ್ರಾಣಿಯಲ್ಲವೆ ಎಂಬ ತರ್ಕ! ಆದರೆ ಇದರ ತವರು ಮರಳುಗುಡ್ಡಗಳಲ್ಲ. ಗಟ್ಟಿ ಮಣ್ಣು ಮತ್ತು ಬಂಡೆಗಳ ನೆಲ. ಎಲ್ಲವನ್ನೂ ನೆಕ್ಕಿ ಪರೀಕ್ಷಿಸುವ ಸ್ವಭಾವ ಮರಿಗಿದೆ. ಹುಳುವಿನೊಡನೆ ಸಡಿಲ ಮರಳನ್ನೂ ನುಂಗುತ್ತ ಹೋದರೆ ಕರುಳು ಕಟ್ಟಿಕೊಂಡು ಸಾಯುವ ಅಪಾಯವಿದೆ. ಆದುದರಿಂದ ಆರಂಭದಲ್ಲಿ ನೀರನ್ನು ಹೀರುವ ಕಾಗದವನ್ನು ಹಾಸುವುದೇ ಉತ್ತಮ. ನೋಟಕ್ಕೆ ಅದು ಸೊಗಸಲ್ಲ, ನಿಜ. ಆದರೆ ಕೊಳೆಯಾದೊಡನೆ ತೆಗೆದುಹಾಕಬಹುದು. ಮರಿಯ ಮಲ ಹೇಗಿದೆಯೆಂಬುದೂ ಸ್ಪಷ್ಟವಾಗಿ ಕಾಣುತ್ತದೆ. ಚಿರತೆಹಲ್ಲಿಯು ಸಾಮಾನ್ಯವಾಗಿ ಒಂದೇ ಮೂಲೆಯನ್ನು ಶೌಚಕ್ಕೆಂದು ಗೊತ್ತುಮಾಡಿಕೊಳ್ಳುವುದರಿಂದ ಶುಚಿಗೊಳಿಸುವ ಕೆಲಸ ಕಷ್ಟದ್ದೇನೂ ಅಲ್ಲ.

ಪೆಟ್ಟಿಗೆಯೊಳಗೆ ಮೂರು ಅಡಗುದಾಣಗಳಿರಬೇಕು. ಬೆಚ್ಚನೆಯ ಕಡೆಗೊಂದು, ತಂಪಿನ ಕಡೆಗೊಂದು. ಒಂದೇ ಇದ್ದರೆ ಮರಿಯು ಸುರಕ್ಷಿತತೆ ಮತ್ತು ಸರಿಯಾದ ಶಾಖ ಇವೆರಡರಲ್ಲಿ ಒಂದನ್ನು ಬಿಟ್ಟುಕೊಡಬೇಕಾಗುತ್ತದೆ. ಮೂರನೆಯದು ತೇವದ ಗೂಡು. ಮುಚ್ಚಳವಿರುವ ಒಂದು ಪುಟ್ಟ ಡಬ್ಬಿಗೆ ಬಾಗಿಲು ಕೊರೆದು, ಒಳಗೆ ಒದ್ದೆ ಪಾಚಿಯನ್ನೋ ಕಾಗದವನ್ನೋ ಇಟ್ಟರೆ ಅದು ಸಿದ್ಧವಾಯಿತು. ಬೆಂಗಾಡಿನ ಪ್ರಾಣಿಗೆ ತೇವವೇಕೆ ಎಂಬ ಪ್ರಶ್ನೆ ಏಳಬಹುದು. ಮೇಲಿನ ನೆಲ ಎಷ್ಟೇ ಒಣಗಿದ್ದರೂ ಆಳದ ಬಿಲದೊಳಗೆ ತೇವ ಉಳಿದಿರುತ್ತದೆ. ಹಲ್ಲಿಯು ಹಗಲನ್ನು ಕಳೆಯುವುದು ಅಲ್ಲಿಯೇ. ಇವುಗಳ ಜೊತೆಗೆ ಆಳವಿಲ್ಲದ ತಟ್ಟೆಯಲ್ಲಿ ದಿನವೂ ಹೊಸ ನೀರನ್ನು ಇಡಬೇಕು.

ಮರಿಯನ್ನು ಮನೆಗೆ ತಂದ ಮೊದಲ ದಿನಗಳೇ ನಿಜವಾದ ಪರೀಕ್ಷೆಯ ಕಾಲ. ಪರೀಕ್ಷೆ ಮರಿಗಿಂತ ಹೆಚ್ಚಾಗಿ ಸಾಕುವವನಿಗೆ. ಪಯಣದ ಕುಲುಕಾಟ, ಹೊಸ ವಾಸನೆ, ದೈತ್ಯಾಕಾರದ ಮುಖಗಳು, ಇವೆಲ್ಲದರಿಂದ ಬೆದರಿದ ಮರಿ ಗೂಡಿನೊಳಗೆ ಹೊಕ್ಕು ಹೊರಬರುವುದೇ ಇಲ್ಲ. ಎದುರಿಗಿಟ್ಟ ಹುಳುವನ್ನು ಮೂಸಿಯೂ ನೋಡುವುದಿಲ್ಲ. ಒಂದು ದಿನ ಕಳೆಯುತ್ತದೆ, ಎರಡು ದಿನ ಕಳೆಯುತ್ತವೆ. ಸಾಕುವವನಿಗೆ ಕಳವಳ ಹುಟ್ಟುತ್ತದೆ. ಬದುಕಿದೆಯೋ ಇಲ್ಲವೋ ಎಂದು ಗೂಡನ್ನು ಎತ್ತಿ ನೋಡುತ್ತಾನೆ, ಕೈಗೆತ್ತಿಕೊಂಡು ಸವರುತ್ತಾನೆ, ಬಾಯಿ ತೆರೆಸಿ ಹುಳುವನ್ನು ತುರುಕಲೂ ಹವಣಿಸುತ್ತಾನೆ. ಪ್ರೀತಿಯಿಂದ ಮಾಡಿದ ಈ ಪ್ರತಿಯೊಂದು ಕೆಲಸವೂ ಮರಿಯ ಕಣ್ಣಿಗೆ ಬೇಟೆಗಾರ ಪ್ರಾಣಿಯೊಂದರ ದಾಳಿ. ಅದು ಇನ್ನಷ್ಟು ಮುದುಡುತ್ತದೆ, ಇನ್ನಷ್ಟು ದಿನ ಉಪವಾಸವಿರುತ್ತದೆ.

ಆದುದರಿಂದ ಅನುಭವಸ್ಥರು ಮೊದಲ ಒಂದೆರಡು ವಾರ ಮರಿಯನ್ನು ಮುಟ್ಟಲೇ ಬಾರದೆಂದು ಹೇಳುತ್ತಾರೆ. ನೀರನ್ನು ಬದಲಿಸುವುದು, ಮಲವನ್ನು ತೆಗೆಯುವುದು, ಮುಸ್ಸಂಜೆಯಲ್ಲಿ ಆಹಾರವನ್ನಿಟ್ಟು ದೂರ ಸರಿಯುವುದು, ಇಷ್ಟೇ ಕೆಲಸ. ಪೆಟ್ಟಿಗೆಯ ಮೂರು ಬದಿಗಳಿಗೆ ಕಾಗದವನ್ನು ಅಂಟಿಸಿದರೆ ಮರಿಯ ಭಯ ಕಡಿಮೆಯಾಗುತ್ತದೆ. ಕೊಬ್ಬನ್ನು ಬಾಲದಲ್ಲಿ ಕೂಡಿಟ್ಟುಕೊಳ್ಳುವ ಪ್ರಾಣಿಯಾದುದರಿಂದ ಕೆಲವು ದಿನಗಳ ಉಪವಾಸ ಅದಕ್ಕೆ ಮಾರಕವಲ್ಲ. ತವರಿನ ಚಳಿಗಾಲವನ್ನು ಬೆಳೆದ ಹಲ್ಲಿಗಳು ಕಳೆಯುವುದು ಈ ಬುತ್ತಿಯ ಬಲದಿಂದಲೇ. ಆದರೆ ಮರಿಯ ಬುತ್ತಿ ಚಿಕ್ಕದು. ಮೊದಲು ಪರಿಶೀಲಿಸಬೇಕಾದುದು ಶಾಖವನ್ನು. ಊಟ ಬಿಟ್ಟ ಮರಿಗಳಲ್ಲಿ ಅನೇಕವಕ್ಕೆ ಬೇಕಾಗಿರುವುದು ಬೇರೆ ಆಹಾರವಲ್ಲ, ಬೆಚ್ಚನೆಯ ನೆಲ. ಎಲ್ಲ ಸರಿಯಾಗಿದ್ದೂ ಬಾಲವು ದಿನೇ ದಿನೇ ಸೊರಗುತ್ತಿದ್ದರೆ, ತೂಕ ಇಳಿಯುತ್ತಿದ್ದರೆ, ಆಗ ಸರೀಸೃಪಗಳನ್ನು ಬಲ್ಲ ಪಶುವೈದ್ಯರ ಬಳಿಗೆ ಒಯ್ಯಲು ತಡಮಾಡಕೂಡದು. ವಾರಕ್ಕೊಮ್ಮೆ ಗ್ರಾಂ ತಕ್ಕಡಿಯಲ್ಲಿ ತೂಗಿ ಬರೆದಿಡುವವರಿಗೆ ಇದು ಬೇಗ ತಿಳಿಯುತ್ತದೆ. ಕಣ್ಣಳತೆಗೆ ಕಾಣದ ಒಂದು ಗ್ರಾಂ ಇಳಿತವೂ ಆರೇಳು ಗ್ರಾಂ ತೂಗುವ ಮರಿಗೆ ದೊಡ್ಡ ನಷ್ಟವೇ.

ಚಿರತೆಹಲ್ಲಿಗೆ ಸೊಪ್ಪುಹಣ್ಣುಗಳು ಬೇಡ. ಅದರ ಆಹಾರ ಕೀಟಗಳು, ಅದೂ ಜೀವಂತವಾಗಿ ಚಲಿಸುವ ಕೀಟಗಳು. ಸಾಕುವವರು ಜೀರುಂಡೆಗಳನ್ನೂ ಹಿಟ್ಟಿನಲ್ಲಿ ಬೆಳೆಯುವ ಹುಳುಗಳನ್ನೂ ಇದಕ್ಕೆಂದೇ ಬೆಳೆಸುತ್ತಾರೆ. ಮರಿಯ ಎರಡು ಕಣ್ಣುಗಳ ನಡುವಣ ಅಂತರಕ್ಕಿಂತ ಹುಳು ದಪ್ಪವಾಗಿರಬಾರದು. ಎಳೆಯ ಮರಿಗೆ ದಿನಕ್ಕೆ ಐದಾರು ಚಿಕ್ಕ ಹುಳುಗಳು ಸಾಕು. ಬೆಳೆದಂತೆಲ್ಲ ದಿನ ಬಿಟ್ಟು ದಿನ ಕೊಟ್ಟರಾಯಿತು. ತಿನ್ನದೆ ಉಳಿದ ಜೀರುಂಡೆಗಳನ್ನು ಕಾಲು ಗಂಟೆಯ ಮೇಲೆ ತೆಗೆದುಬಿಡಬೇಕು. ಹಸಿದ ಜೀರುಂಡೆ ನಿದ್ರಿಸುತ್ತಿರುವ ಮರಿಯ ಬೆರಳನ್ನು ಕಡಿಯುವುದುಂಟು. ಉಣಿಸಾಗಬೇಕಾದುದೇ ಉಣ್ಣಲು ಬರುವುದು ಎಂದರೆ ಇದೇ! ಹಿತ್ತಲಿನಲ್ಲಿ ಹಿಡಿದ ಹುಳುಗಳನ್ನು ಕೊಡುವುದು ಕ್ಷೇಮವಲ್ಲ. ಅವುಗಳ ಮೈಯಲ್ಲಿ ಕೀಟನಾಶಕವಿರಬಹುದು. ಕೆಲವು ಜಾತಿಯ ಮಿಂಚುಹುಳುಗಳಲ್ಲಿ ಇರುವ ವಿಷವಂತೂ ಹಲ್ಲಿಗಳನ್ನು ಕೊಲ್ಲುವಷ್ಟು ತೀಕ್ಷ್ಣವಾದುದು.

ಹುಳುಗಳಿಂದ ಹೊಟ್ಟೆ ತುಂಬಿದರೂ ಮೂಳೆಗೆ ಬೇಕಾದ ಪೋಷಣೆ ದೊರೆಯುವುದಿಲ್ಲ ಎಂಬುದು ಹೊಸಬರು ತಿಳಿಯದ ಸಂಗತಿ. ಈ ಕೀಟಗಳಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ಕಡಿಮೆ. ಬೆಳೆಯುವ ಮರಿಯ ರಕ್ತಕ್ಕೆ ಕ್ಯಾಲ್ಸಿಯಂ ಸಾಲದೆ ಹೋದಾಗ ಶರೀರವು ತನ್ನ ಮೂಳೆಗಳಿಂದಲೇ ಅದನ್ನು ಕಿತ್ತುಕೊಳ್ಳುತ್ತದೆ. ಕೆಲವು ತಿಂಗಳುಗಳಲ್ಲಿ ದವಡೆ ರಬ್ಬರಿನಂತೆ ಮೆತ್ತಗಾಗುತ್ತದೆ, ಕಾಲುಗಳು ಬಿಲ್ಲಿನಂತೆ ಬಾಗುತ್ತವೆ, ಬೆನ್ನು ಸೊಟ್ಟಗಾಗುತ್ತದೆ. ಒಮ್ಮೆ ಬಾಗಿದ ಮೂಳೆ ಮತ್ತೆ ನೆಟ್ಟಗಾಗುವುದಿಲ್ಲ. ಇದನ್ನು ತಡೆಯುವ ಉಪಾಯವಾದರೋ ಅತಿ ಸುಲಭ: ಹುಳುಗಳನ್ನು ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಿ ಕೊಡುವುದು. ಕ್ಯಾಲ್ಸಿಯಂ ಮೈಗೂಡಲು ‘ಡಿ’ ಜೀವಸತ್ವವೂ ಬೇಕಾದುದರಿಂದ ಅದನ್ನೂ ಬೆರೆಸಿದ ಪುಡಿಯನ್ನು ಮಿತವಾಗಿ ಬಳಸುತ್ತಾರೆ; ಈ ಜೀವಸತ್ವ ಅತಿಯಾದರೆ ಅದೂ ಅಪಾಯವೇ. ಇರುಳಾಡಿ ಪ್ರಾಣಿಗೆ ಬೆಳಕಿನ ಆವಶ್ಯಕತೆಯೇ ಇಲ್ಲವೆಂದು ಹಿಂದೆ ಭಾವಿಸಲಾಗಿತ್ತು. ಮುಸ್ಸಂಜೆಯ ಎಳೆಬಿಸಿಲಿನಿಂದಲೂ ಅದು ಆ ಜೀವಸತ್ವವನ್ನು ತಯಾರಿಸಿಕೊಳ್ಳಬಲ್ಲದೆಂದು ತಿಳಿದ ಮೇಲೆ ಸೌಮ್ಯವಾದ ಅತಿನೇರಳೆ ದೀಪವನ್ನು ಇಡುವ ಪದ್ಧತಿ ಬಂದಿದೆ. ಹುಳುಗಳಿಗೂ ಒಂದು ದಿನ ಮುಂಚಿತವಾಗಿ ಗಜ್ಜರಿ, ಸೊಪ್ಪು ಮೊದಲಾದುವನ್ನು ತಿನ್ನಿಸಿರಬೇಕು. ಹುಳು ಉಂಡ ಊಟವೇ ಹಲ್ಲಿಗೂ ಸಲ್ಲುತ್ತದೆ.

ಒಂದೆರಡು ವಾರಗಳಿಗೊಮ್ಮೆ ಮರಿಯ ಬಣ್ಣ ಮಂಕಾಗಿ ಮೈಯೆಲ್ಲ ಬೂದಿ ಬಳಿದಂತಾಗುತ್ತದೆ. ರೋಗವೆಂದು ಹೆದರಬೇಕಾಗಿಲ್ಲ; ಅದು ಪೊರೆ ಕಳಚುವ ಸಮಯ. ತೇವದ ಗೂಡಿಗೆ ಹೋಗಿ, ಮೂತಿಯನ್ನು ಉಜ್ಜಿ, ಅಂಗಿಯನ್ನು ಬಿಚ್ಚುವಂತೆ ಪೊರೆಯನ್ನು ಬಿಚ್ಚಿ, ಅದನ್ನು ತಾನೇ ತಿಂದುಬಿಡುತ್ತದೆ. ಕೆಲವೊಮ್ಮೆ ಬೆರಳ ತುದಿಯಲ್ಲಿ ತುಣುಕು ಉಳಿದು ದಾರದಂತೆ ಬಿಗಿಯುತ್ತದೆ. ಹೀಗೆ ರಕ್ತಸಂಚಾರ ನಿಂತು ಬೆರಳುಗಳು ಉದುರಿಹೋದ ಹಲ್ಲಿಗಳು ವಿರಳವಲ್ಲ. ಉಗುರುಬೆಚ್ಚಗಿನ ನೀರಿನಲ್ಲಿ ಕಾಲು ಮುಳುಗುವಷ್ಟು ಮಾತ್ರ ಹತ್ತು ಹದಿನೈದು ನಿಮಿಷ ನಿಲ್ಲಿಸಿ, ಒದ್ದೆ ಹತ್ತಿಯಿಂದ ಮೆಲ್ಲಗೆ ಒರೆಸಿದರೆ ಪೊರೆ ಬಿಟ್ಟುಬರುತ್ತದೆ. ಎಳೆದು ಕೀಳಬಾರದು.

ಮರಿಯು ತಪ್ಪದೆ ಉಣ್ಣತೊಡಗಿದ ಮೇಲೆ ಅದನ್ನು ಕೈಗೆ ಒಗ್ಗಿಸಬಹುದು. ಮೇಲಿನಿಂದ ಕೈ ಹಾಕಿ ಹಿಡಿದರೆ ಹದ್ದು ಎರಗಿದಂತೆ ಅದು ಬೆದರುತ್ತದೆ. ಅಂಗೈಯನ್ನು ನೆಲದ ಮೇಲಿಟ್ಟು ಕಾದರೆ ತಾನಾಗಿಯೇ ಏರುತ್ತದೆ. ಬಾಲವನ್ನು ಹಿಡಿಯಲೇಕೂಡದು. ಬಾಲವನ್ನು ಕಳಚಿ ಪಾರಾಗುವ ವಿದ್ಯೆ ಮನೆಹಲ್ಲಿಯಂತೆ ಇದಕ್ಕೂ ಉಂಟು. ಹೊಸ ಬಾಲ ಬೆಳೆಯುವುದೇನೋ ನಿಜ. ಆದರೆ ಅದು ಗೆಣಸಿನಂತೆ ಮೊಂಡಾಗಿರುತ್ತದೆ, ಮೊದಲಿನ ಉಂಗುರಗಳು ಅದರಲ್ಲಿ ಮರಳುವುದಿಲ್ಲ. ಸರೀಸೃಪಗಳ ಮಲದಲ್ಲಿ ಸಾಲ್ಮೊನೆಲ್ಲ ಎಂಬ ರೋಗಾಣು ಇರಬಹುದಾದ ಕಾರಣ, ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಲೇಬೇಕು. ಐದು ವರ್ಷಕ್ಕಿಂತ ಚಿಕ್ಕ ಮಕ್ಕಳಿರುವ ಮನೆಗೆ ಇಂಥ ಪ್ರಾಣಿ ತಕ್ಕುದಲ್ಲ. ಪುಟ್ಟ ಆಮೆಗಳಿಂದ ಮಕ್ಕಳಿಗೆ ಈ ರೋಗ ಹರಡಿದ್ದರಿಂದಲೇ ಅಮೆರಿಕ ಸರ್ಕಾರವು ೧೯೭೫ರಲ್ಲಿ, ನಾಲ್ಕು ಅಂಗುಲಕ್ಕಿಂತ ಚಿಕ್ಕ ಚಿಪ್ಪಿನ ಆಮೆಗಳನ್ನು ಸಾಕಲು ಮಾರುವುದನ್ನು ನಿಷೇಧಿಸಿತು.

ಒಂಟಿಯಾಗಿರುವ ಮರಿಗೆ ಬೇಸರವಾಗುವುದೆಂದು ಮತ್ತೊಂದನ್ನು ತಂದು ಜೊತೆಗಿಡುವುದು ದಯೆಯಂತೆ ತೋರಿದರೂ ದಯೆಯಲ್ಲ. ಬಲವಾದುದು ಬೆಚ್ಚನೆಯ ಗೂಡನ್ನೂ ಆಹಾರವನ್ನೂ ಕಸಿದುಕೊಂಡು ಇನ್ನೊಂದು ಸೊರಗುತ್ತದೆ. ಎರಡೂ ಗಂಡಾದರೆ ಬೆಳೆದ ಮೇಲೆ ಕಾದಾಟ ತಪ್ಪದು. ಮರಿ ಗಂಡೋ ಹೆಣ್ಣೋ ಎಂಬುದು ಹಲವು ತಿಂಗಳು ಕಳೆಯುವವರೆಗೆ ನಿಶ್ಚಿತವಾಗಿ ತಿಳಿಯುವುದೂ ಇಲ್ಲ. ಇದರ ಲಿಂಗವನ್ನು ನಿರ್ಧರಿಸುವುದು ಮೊಟ್ಟೆಗೆ ದೊರೆತ ಶಾಖವೆಂಬುದು ಪ್ರಕೃತಿಯ ವೈಚಿತ್ರ್ಯಗಳಲ್ಲೊಂದು. ಮೊಟ್ಟೆಗಳನ್ನು ೨೬ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿಟ್ಟರೆ ಹೆಚ್ಚುಕಡಿಮೆ ಎಲ್ಲವೂ ಹೆಣ್ಣಾಗುತ್ತವೆ, ೩೨.೫ ಡಿಗ್ರಿಯಲ್ಲಿ ಬಹುಪಾಲು ಗಂಡು. ೩೪ ಡಿಗ್ರಿಯನ್ನು ದಾಟಿದರೆ ಮತ್ತೆ ಬಹುಪಾಲು ಹೆಣ್ಣು!

ಚೆನ್ನಾಗಿ ಸಾಕಿದ ಚಿರತೆಹಲ್ಲಿ ಹದಿನೈದು ಇಪ್ಪತ್ತು ವರ್ಷ ಬದುಕುತ್ತದೆ. ಹದಿನಾಲ್ಕನೆಯ ವಯಸ್ಸಿನಲ್ಲಿ ಅದನ್ನು ತಂದ ಬಾಲಕನು ಓದು ಮುಗಿಸಿ, ಉದ್ಯೋಗ ಹಿಡಿದು, ಸಂಸಾರಿಯಾದ ಮೇಲೂ ಅದು ಮುಸ್ಸಂಜೆಯಲ್ಲಿ ಗೂಡಿನಿಂದ ತಲೆ ಹೊರಚಾಚಿ ಹುಳುವಿಗಾಗಿ ಕಾಯುತ್ತಿರಬಹುದು. ಮರಿತನವಾದರೋ ಬೇಗ ಕಳೆಯುತ್ತದೆ. ತಿಂಗಳು ತಿಂಗಳಿಗೆ ಪೊರೆಯ ಕೆಳಗಿನಿಂದ ಹೊಸ ಮೈ ತೋರಿದಂತೆಲ್ಲ ಅಗಲವಾದ ಪಟ್ಟೆಗಳು ಅಂಚಿನಲ್ಲಿ ಹರಿಯತೊಡಗುತ್ತವೆ, ನಡುನಡುವೆ ಹಳದಿ ಇಣುಕುತ್ತದೆ, ಪಟ್ಟೆಯೊಂದು ಒಡೆದು ನಾಲ್ಕಾರು ಚುಕ್ಕೆಗಳಾಗುತ್ತದೆ. ವರ್ಷ ತುಂಬುವ ಹೊತ್ತಿಗೆ ಅದು ತನ್ನ ಹೆಸರಿಗೆ ತಕ್ಕ ಮೈಯನ್ನು ಪಡೆದಿರುತ್ತದೆ.